ಸ್ಟಾರ್ಟ್ ಆಗದ ಪಂಪ್‌ಸೆಟ್ಟು ಮತ್ತು ನನ್ನ ಮೆಕ್ಯಾನಿಕಲ್ ಡಿಗ್ರಿ

ಇಲ್ಲಿ ಬರೆಯದೆ ತಿಂಗಳುಗಳೇ ಆದವು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಮೊನ್ನೆ ಊರಿಗೆ ಹೋದಾಗ ನನ್ನ ಮರ್ಯಾದೆ ಹೋಗುವ ಒಂದು ಪ್ರಸಂಗ ನಡೀತು. ನಿಮ್ಮ ಹತ್ರ ಹೇಳ್ಕೊಳ್ಳದೆ ಇನ್ಯಾರ ಹತ್ರ ಹೇಳ್ಕೊಳ್ಳಲಿ?

ನಮ್ಮದು ಭದ್ರಾವತಿ ಹತ್ತಿರ ಸಣ್ಣದೊಂದು ಅಡಿಕೆ ತೋಟ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ರಿಟೈರ್ ಆದಮೇಲೆ ತೋಟವೇ ಅವರ ಡ್ಯೂಟಿ. ನಾನು ಹೋದ ದಿನವೇ ಬೋರ್‌ವೆಲ್ ಮೋಟಾರ್ ಸುಟ್ಟು ಕೂತಿತ್ತು. ರಿವೈಂಡಿಂಗ್ ಅಂಗಡಿಯವನು ನಾಲ್ಕು ದಿನ ಬೇಕು ಅಂದ. ಏಪ್ರಿಲ್ ಬಿಸಿಲು. ದೊಡ್ಡ ಮರಗಳೇನೋ ತಡ್ಕೊಳ್ತವೆ, ಹೋದ ವರ್ಷ ನೆಟ್ಟ ಸಸಿಗಳು ತಡ್ಕೊಳ್ಳಲ್ಲ. ಆಗಲೇ ಎಲೆ ತುದಿ ಕೆಂಪಗಾಗಿತ್ತು. ತೋಟದ ಕೆಳಗಿನ ಹೊಂಡದಲ್ಲಿ ಸೊಂಟದುದ್ದ ನೀರಿತ್ತು. ಅದನ್ನ ಮೇಲೆ ತರೋದು ಹೇಗೆ?

"ಕೊಟ್ಟಿಗೇಲಿ ಹಳೇ ಪಂಪ್‌ಸೆಟ್ ಇದೆಯಲ್ಲ!" ಅಂದೆ ನಾನು, ಮೆಕ್ಯಾನಿಕಲ್ ಇಂಜಿನಿಯರ್. (ಓದಿದ್ದು ಅದು. ಮಾಡ್ತಿರೋದು ಬೆಂಗಳೂರಲ್ಲಿ ಕೋಡ್ ಕುಟ್ಟೋ ಕೆಲಸ.)

ಇದು ಪೆಟ್ರೋಲಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನು. ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನದ್ದೂ ಇದೇ ಕಥೆ. ತಣ್ಣಗಿರುವ ಎಂಜಿನ್ನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗಲ್ಲ. ಅದಕ್ಕೇ ಮೊದಲು ಪೆಟ್ರೋಲಲ್ಲಿ ಬಿಸಿ ಮಾಡಿ, ಆಮೇಲೆ ಕಾಕ್ ತಿರುಗಿಸಬೇಕು. ನಮ್ಮದು ಎರಡು ವರ್ಷದಿಂದ ಗೋಣಿಚೀಲ ಹೊದ್ದುಕೊಂಡು ಮಲಗಿತ್ತು.

ಚೋಕ್ ಎಳೆದೆ, ಹಗ್ಗ ಸುತ್ತಿ ಎಳೆದೆ. ಏನೂ ಇಲ್ಲ. ಮತ್ತೆ ಎಳೆದೆ. ಮೂವತ್ತು ಸಲ ಎಳೆದಿರಬೇಕು, ಅಂಗೈ ಬೊಬ್ಬೆ ಬಂತು. ಟ್ಯಾಂಕಿಗೆ ಹೊಸ ಪೆಟ್ರೋಲ್ ಸುರಿದೆ, ಹಳೇದನ್ನ ತೆಗೆಯದೆ! ಮೊಬೈಲಲ್ಲಿ ವೀಡಿಯೋ ನೋಡಿ ಏರ್ ಫಿಲ್ಟರ್ ಕಿತ್ತೆ, ಯಾವುದೋ ಸ್ಕ್ರೂ ತಿರುಗಿಸಿದೆ, ಎಷ್ಟು ಸುತ್ತು ಅನ್ನೋದು ಮರೆತೆ. ಅಪ್ಪ ಜಗಲಿ ಮೇಲೆ ಕೂತು ಕಾಫಿ ಮುಗಿಸೋ ತನಕ ಸುಮ್ಮನೆ ನೋಡ್ತಿದ್ರು. ಆಮೇಲೆ ಎದ್ದು ಬಂದರು.

"ಒಂದೇ ಸಲಕ್ಕೆ ನಾಲ್ಕು ಕಡೆ ಕೈ ಹಾಕಿದ್ರೆ ಯಾವುದು ಕೆಟ್ಟಿತ್ತು ಅಂತ ಹ್ಯಾಗೆ ಗೊತ್ತಾಗತ್ತೆ?"

ಇದೇ ಮಾತನ್ನ ನಾನು ಆಫೀಸಲ್ಲಿ ಜೂನಿಯರ್‌ಗಳಿಗೆ ದಿನಾ ಹೇಳ್ತೀನಿ :)

ಆಮೇಲೆ ಶುರುವಾಯ್ತು ನೋಡಿ ಪಾಠ. ಮೊದಲು ಕಿಡಿ. ಪ್ಲಗ್ ಬಿಚ್ಚಿಸಿದರು, ಇದ್ದಿಲಿನ ಹಾಗೆ ಕಪ್ಪಗಿತ್ತು. ತಂತಿ ಬ್ರಶ್ಶಲ್ಲಿ ಉಜ್ಜಿ, ತುದಿಯ ಸಂದು ನೋಡೋಕೆ ಒಂದು ಹ್ಯಾಕ್ಸಾ ಬ್ಲೇಡ್ ತೂರಿಸಿದರು. ಬ್ಲೇಡಿನ ದಪ್ಪ ಮುಕ್ಕಾಲು ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ, ಈ ಎಂಜಿನ್ನಿಗೆ ಅದೇ ಅಳತೆ ಸಾಕಂತೆ. ಪ್ಲಗ್ಗನ್ನ ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೆದಾಗ ನೀಲಿ ಕಿಡಿ ಚಟ್ ಅಂತು. ಸರಿ, ಕಿಡಿ ಇದೆ. ಎರಡನೇದು ಒತ್ತಡ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಎಳೆದರೆ ಗಾಳಿ ಬೆರಳನ್ನೇ ಎತ್ತಿ ಎಸೀತು. ಅದೂ ಇದೆ. ಪ್ಲಗ್ ಹಾಕಿ ಹತ್ತು ಸಲ ಎಳೆದು ಮತ್ತೆ ಬಿಚ್ಚಿದರೆ ತುದಿ ಒಣಗಿಯೇ ಇತ್ತು. ಅಂದ್ರೆ ಎಣ್ಣೆ ಒಳಗೆ ಬರ್ತಾನೇ ಇಲ್ಲ.

ಟ್ಯಾಂಕ್ ಪೂರ್ತಿ ಬಗ್ಗಿಸಿದೆವು. ಬಂದದ್ದು ವಾರ್ನಿಶ್ ವಾಸನೆಯ ಕಂದು ನೀರು. ಪೆಟ್ರೋಲ್ ಹಳಸತ್ತೆ ಅಂತ ನಮಗೆ ಕಾಲೇಜಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹಗುರದ ಅಂಶ ಆರಿಹೋಗಿ ಉಳಿದದ್ದು ಅಂಟಾಗತ್ತೆ. ಈಗಿನ ಪೆಟ್ರೋಲಲ್ಲಿ ಬೆರೆಸುವ ಎಥೆನಾಲ್ ಬೇರೆ ಗಾಳಿಯ ತೇವ ಹೀರತ್ತೆ. ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ಜೋನಿಬೆಲ್ಲದಂಥ ಗಸಿ. ಹಿತ್ತಾಳೆ ಜೆಟ್ಟನ್ನ ಬಿಸಿಲಿಗೆ ಹಿಡಿದರೆ ತೂತಲ್ಲಿ ಬೆಳಕೇ ಕಾಣಲಿಲ್ಲ. ನಾನು ಸೂಜಿ ತಂದೆ. ಅಪ್ಪ ಕೈಯಿಂದ ಕಸ್ಕೊಂಡು ಬೈದರು: ಉಕ್ಕಿನ ಸೂಜಿ ಹಾಕಿದ್ರೆ ತೂತು ದೊಡ್ಡದಾಗತ್ತೆ, ಆಮೇಲೆ ಜನ್ಮದಲ್ಲಿ ಸರಿಹೋಗಲ್ಲ. ಹಳೇ ವೈರಿನಿಂದ ತಾಮ್ರದ ಒಂದೇ ಎಳೆ ತೆಗೆದು, ಜೆಟ್ಟನ್ನ ಪೆಟ್ರೋಲಲ್ಲಿ ನೆನೆಸಿ, ನಿಧಾನಕ್ಕೆ ಚುಚ್ಚಿದರು. ಸೂಜಿಮೊನೆಯಷ್ಟು ಬೆಳಕು ಕಂಡಿತು.

ಜೋಡಿಸ್ತಾ ಕೇಳಿದರು, "ಹೋದ ಸಲ ಇದನ್ನ ನಿಲ್ಲಿಸಿದ್ದು ಯಾರು?"

ನಾನೇ. ಎರಡು ವರ್ಷದ ಹಿಂದೆ, ರಾತ್ರಿ ಬಸ್ಸಿಗೆ ಹೊತ್ತಾಯ್ತು ಅಂತ ಸೀಮೆಎಣ್ಣೆಯಲ್ಲಿ ಓಡ್ತಿದ್ದ ಎಂಜಿನ್ನಿನ ಸ್ವಿಚ್ ಒತ್ತಿ ಓಡಿದ್ದೆ.

ಕ್ರಮ ಹಾಗಲ್ಲವಂತೆ. ನಿಲ್ಲಿಸೋ ಮುಂಚೆ ಕಾಕನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ ಎರಡು ಮೂರು ನಿಮಿಷ ಓಡಿಸಬೇಕು. ಬಹಳ ದಿನ ಮುಟ್ಟಲ್ಲ ಅಂದ್ರೆ ಕಾಕ್ ಮುಚ್ಚಿ, ಬಟ್ಟಲಲ್ಲಿರೋದು ಖಾಲಿಯಾಗಿ ತಾನಾಗೇ ನಿಲ್ಲೋಕೆ ಬಿಡಬೇಕು. ಟ್ಯಾಂಕ್ ಬಗ್ಗಿಸಿಡಬೇಕು.

"ಚಾಲೂ ಮಾಡೋದು ಯಾರ್ ಬೇಕಾದ್ರೂ ಕಲೀತಾರೆ. ಫರ್ನೇಸ್ ನಿಲ್ಲಿಸೋಕೂ ಲೆಕ್ಕ ಇದೆ. ತಳದಲ್ಲಿ ಕಬ್ಬಿಣ ಉಳಿದು ಹೆಪ್ಪುಗಟ್ಟಿದ್ರೆ ಕೊರೆದು ಒಡೆದು ತೆಗೀಬೇಕು" ಅಂದರು ಅಪ್ಪ. 1923ರಲ್ಲಿ ಇದ್ದಿಲು ಉರಿಸಿ ಕಬ್ಬಿಣ ಕರಗಿಸೋಕೆ ಶುರುಮಾಡಿದ ಊರು ನಮ್ಮದು. ಅಲ್ಲಿ ಫಿಟ್ಟರ್ ಆಗಿದ್ದವರಿಗೆ ಇಂಥ ಮಾತು ಗಾದೆಯಲ್ಲ, ಡ್ಯೂಟಿ.

ಪಂಪಿನ ಹೊಟ್ಟೆಗೆ ಎರಡು ಚೊಂಬು ನೀರು ತುಂಬಿಸಿದರು. ಒಣ ಓಡಿಸಿದ್ರೆ ಸೀಲ್ ಸುಡತ್ತೆ, ಅದೂ ನನಗೆ ನೆನಪಿರಲಿಲ್ಲ. ನಾಲ್ಕನೇ ಎಳೆತಕ್ಕೆ ಕೆಮ್ಮಿತು, ಐದನೇದಕ್ಕೆ ಹಿಡೀತು. ಕೊಟ್ಟಿಗೆ ತುಂಬ ಬಿಳೀ ಹೊಗೆ. ಅಮ್ಮ ಒಳಗಿಂದ ಓಡಿ ಬಂದರು, ಬೆಂಕಿ ಬಿತ್ತು ಅಂತ :) ಅದನ್ನ ಹೊಂಡದ ಹತ್ರ ಹೊತ್ತುಕೊಂಡು ಹೋಗಿ ಮತ್ತೆ ಶುರುಮಾಡಿದಾಗ, ಪೈಪಿನ ತುದಿಯಲ್ಲಿ ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ನೀರು. ಸಂಜೆ ಹೊತ್ತಿಗೆ ಎಲ್ಲ ಸಸಿಗಳ ಬುಡ ಒದ್ದೆ.

ಆಗ ಕೇಳಿದೆ. "ಇಷ್ಟೆಲ್ಲ ಗೊತ್ತಿದ್ದೂ ಎರಡು ವರ್ಷ ಹಾಗೇ ಯಾಕೆ ಬಿಟ್ರಿ?"

ಅಪ್ಪ ಬಲಗೈ ಎತ್ತಿ ತೋರಿಸಿದರು. ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. "ಹಗ್ಗ ಎಳೆಯೋಕಾಗಲ್ಲ ಕಣೋ."

ವಾರಕ್ಕೆರಡು ಸಲ ಫೋನ್ ಮಾಡ್ತೀನಿ. ಮಳೆ, ಅಡಿಕೆ ರೇಟು, ಊಟ ಆಯ್ತಾ. ಭುಜದ ಸುದ್ದಿ ಒಂದು ಸಲವೂ ಬಂದಿರಲಿಲ್ಲ. ಮಾರನೇ ದಿನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆ. ದಿನಾ ಮಾಡೋಕೆ ವ್ಯಾಯಾಮ ಬರೆದುಕೊಟ್ಟಿದ್ದಾರೆ. ನಿಧಾನಕ್ಕೆ ಸರಿಹೋಗಬಹುದು ಅಂದಿದ್ದಾರೆ.

ಹೊರಡೋ ಮುಂಚೆ ಈ ಸಲ ನಾನೇ ನಿಲ್ಲಿಸಿದೆ. ಕಾಕ್ ಪೆಟ್ರೋಲಿಗೆ, ಮೂರು ನಿಮಿಷ, ಕಾಕ್ ಬಂದ್. ಅದು ಏದುಸಿರು ಬಿಟ್ಟು ತಾನಾಗೇ ನಿಂತಿತು. ಟ್ಯಾಂಕ್ ಬಗ್ಗಿಸಿದೆ. ಅಪ್ಪ ಜಗಲಿ ಮೇಲೆ ಕೂತು ಗಡಿಯಾರ ನೋಡ್ತಿದ್ರು, ಮೂರು ನಿಮಿಷ ಆಯ್ತೋ ಇಲ್ವೋ ಅಂತ. ಬಸ್ಸಿಗೆ ಇನ್ನೂ ಬೇಕಾದಷ್ಟು ಟೈಮಿತ್ತು.

ನಿಮ್ಮ ಮನೆ ಕೊಟ್ಟಿಗೇಲೂ ಹೀಗೆ ಗೋಣಿಚೀಲ ಹೊದ್ದು ಮಲಗಿರೋದು ಏನಾದ್ರೂ ಇದ್ದರೆ, ಹೋಗಿ ಒಂದು ಸಲ ನೋಡಿ. ಅದನ್ನ ಯಾಕೆ ಮುಟ್ಟಿಲ್ಲ ಅಂತ ಮನೆಯವರನ್ನೂ ಕೇಳಿ.