ಗೋಡೆಯ ಬೆನ್ನ ಹಿಂದಿನ ನೀರು

ಗಂಟೆ ಹನ್ನೆರಡು ದಾಟಿದೆ. 2019ರ ಜುಲೈ 1 ಮುಗಿದು 2 ಶುರುವಾಗಿದೆ. ಮುಂಬಯಿಯ ಮಲಾಡ್ ಪೂರ್ವದ ಪಿಂಪ್ರಿಪಾಡಾದ ಇಳಿಜಾರಿನಲ್ಲಿ, ಆ ರಾತ್ರಿ ಮಲಗಿದ್ದವರ ಜಾಗದಲ್ಲಿ ನೀವಿದ್ದೀರಿ ಅಂದುಕೊಳ್ಳಿ. ಮಲಗಿದ್ದೀರಿ, ಅಷ್ಟೇ, ನಿದ್ದೆ ಬಂದಿಲ್ಲ. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿಲ್ಲ. ನಾಲ್ಕು ದಿನದಿಂದ ಒಣಗದ ಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಅಡರಿದೆ. ಚಾಪೆಯ ತುದಿ ಒದ್ದೆಯಾಗಿದೆ. ಮಗುವಿನ ಕೈ ನಿಮ್ಮ ಎದೆಯ ಮೇಲಿದೆ.

ಮನೆಯ ಮೇಲ್ಗಡೆ ಮಹಾನಗರ ಪಾಲಿಕೆಯ ಮಲಾಡ್ ಹಿಲ್ ಜಲಾಶಯದ ಆವರಣ ಗೋಡೆಯಿದೆ. ಕಟ್ಟಿ ಬಹಳ ಕಾಲವಾಗಿಲ್ಲ. ಗುಡ್ಡದ ಬೆನ್ನಿಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಹಬ್ಬಿದೆ. ಗೋಡೆ ಬರುವ ಮೊದಲು ಗುಡ್ಡದ ನೀರು ತನಗೆ ತೋಚಿದ ಕಡೆಯಿಂದೆಲ್ಲ ಇಳಿದು ಹೋಗುತ್ತಿತ್ತು. ಈಗ ಅದು ಗೋಡೆಯ ಬೆನ್ನಿಗೆ ಒರಗಿ ನಿಂತಿದೆ. ಕತ್ತಲಲ್ಲಿ ಅದು ನಿಮಗೆ ಕಾಣುವುದಿಲ್ಲ.

ಎದ್ದು ಹೊರಗೆ ಹೋಗಬೇಕೇ? ಎಲ್ಲಿಗೆ? ಗಲ್ಲಿಯಲ್ಲಿ ನೀರು ಹರಿಯುತ್ತಿದೆ, ದೀಪವಿಲ್ಲ. ಮಕ್ಕಳನ್ನು ಎಬ್ಬಿಸಿದರೆ ಮಳೆಯಲ್ಲಿ ನೆನೆಯುತ್ತಾರೆ. ಪಕ್ಕದ ಮನೆಯವರೂ ಒಳಗೇ ಇದ್ದಾರೆ. ಬೆಳಗಾಗಲಿ, ನೋಡೋಣ ಎಂದು ಮಗ್ಗುಲಾಗುತ್ತೀರಿ.

ಮೊದಲು ಸದ್ದು. ಅದು ಆಕಾಶದಿಂದ ಬರುತ್ತಿಲ್ಲ, ಬೆನ್ನ ಕೆಳಗಿನ ನೆಲದಿಂದ ಬರುತ್ತಿದೆ. ಹಲ್ಲು ಅದುರುತ್ತದೆ. ಯಾರೋ ಕೂಗುತ್ತಾರೆ. ಮಗುವನ್ನು ಎಳೆದುಕೊಳ್ಳುತ್ತೀರಿ. ಬಾಗಿಲು ಒಳಕ್ಕೆ ಬರುತ್ತದೆ. ನೀರು. ಕಲ್ಲು. ಬಾಯಿ ತುಂಬ ಮಣ್ಣು. ಯಾವುದು ಮೇಲೆ, ಯಾವುದು ಕೆಳಗೆ ತಿಳಿಯದು. ಕೈಯಲ್ಲಿದ್ದ ಕೈ ಜಾರುತ್ತದೆ.

ಬೆಳಗಾದಾಗ ಸಾಂತಾಕ್ರೂಜ್ ಹವಾಮಾನ ಕೇಂದ್ರದ ಲೆಕ್ಕ ಬರುತ್ತದೆ: 24 ಗಂಟೆಯಲ್ಲಿ 375 ಮಿಲಿಮೀಟರ್. 2005ರ ಜುಲೈ 26ರ 944 ಮಿಲಿಮೀಟರ್ ಆದಮೇಲೆ ಜುಲೈ ತಿಂಗಳ ಒಂದೇ ದಿನದಲ್ಲಿ ಇಷ್ಟು ಸುರಿದಿರಲಿಲ್ಲ. ಪಿಂಪ್ರಿಪಾಡಾದ ಸಾವಿನ ಸಂಖ್ಯೆ ಕೊನೆಗೆ 30 ದಾಟುತ್ತದೆ.

ಕೊಂದದ್ದು ಗೋಡೆ ಎಂದು ಎಲ್ಲರೂ ಹೇಳಿದರು. ಗೋಡೆಯನ್ನು ತಳ್ಳಿದ್ದು ಯಾವುದು ಎಂಬುದನ್ನು ಇಲ್ಲಿ ನಿಂತು ನೋಡಬೇಕು. ಮುಂಬಯಿಯ ಗುಡ್ಡಗಳು ಬಹುಪಾಲು ಬಸಾಲ್ಟ್ ಮತ್ತದರ ಜೊತೆಗಿನ ಜ್ವಾಲಾಮುಖಿ ಶಿಲೆ. ಸಾವಿರಾರು ಮಳೆಗಾಲ ತಿಂದು ಅದರ ಮೇಲ್ಪದರ ಮುರುಮು ಎಂಬ ಕಲ್ಲುಪುಡಿ ಮಣ್ಣಾಗಿದೆ. ಒಣಗಿದ ಮುರುಮು ಕಣಕ್ಕೆ ಕಣ ಕಚ್ಚಿಕೊಂಡು ಕಡಿದಾಗಿ ನಿಲ್ಲುತ್ತದೆ. ಕಣಗಳ ನಡುವೆ ನೀರು ತುಂಬಿ ಒತ್ತಡ ಏರಿತೋ, ಆ ಹಿಡಿತ ಸಡಿಲವಾಗುತ್ತದೆ, ಗುಡ್ಡದ ತೂಕವೂ ಹೆಚ್ಚುತ್ತದೆ. 5 ಮೀಟರ್ ಎತ್ತರದ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದದ ಮೇಲೆ ಬರಿಯ ನೀರಿನದೇ 12 ಟನ್‌ಗೂ ಹೆಚ್ಚಿನ ನೂಕು. ಮಣ್ಣಿನದು ಬೇರೆ. ಎತ್ತರ ಎರಡು ಪಟ್ಟಾದರೆ ಈ ನೂಕು ನಾಲ್ಕು ಪಟ್ಟಾಗುತ್ತದೆ. ಇದನ್ನು ತಪ್ಪಿಸಲು ಗೋಡೆಯ ಬೆನ್ನಿಗೆ ಜಲ್ಲಿಯ ಪದರ ಬೇಕು, ಒಡಲಲ್ಲಿ ಸಾಲು ಸಾಲು ತೂತು ಬೇಕು. ಎಂಜಿನಿಯರರು ವೀಪ್ ಹೋಲ್ ಅನ್ನುವುದು ಈ ತೂತುಗಳಿಗೇ. ಪಿಂಪ್ರಿಪಾಡಾದ ಗೋಡೆಯಲ್ಲೂ ತಜ್ಞರ ಬೆರಳು ಹೋದದ್ದು ನೀರಿನ ದಾರಿಯ ಕೊರತೆಯ ಕಡೆಗೇ.

ಈಗ ನಿಮ್ಮನ್ನು ದಕ್ಷಿಣಕ್ಕೆ, ಮಲಬಾರ್ ಹಿಲ್‌ಗೆ ಕರೆದೊಯ್ಯುತ್ತೇನೆ. 2020ರ ಆಗಸ್ಟ್ 5ರಂದು ಕೊಲಾಬಾದಲ್ಲಿ ಗಾಳಿ ಗಂಟೆಗೆ 100 ಕಿಲೋಮೀಟರ್ ಮೀರಿ ಬೀಸಿತು. ಮರುದಿನ ಬೆಳಗಿನೊಳಗೆ 331 ಮಿಲಿಮೀಟರ್ ಮಳೆಯಾಯಿತು. ಬಿ.ಜಿ. ಖೇರ್ ಮಾರ್ಗದ ಕೆಳಗಿನ ಇಳಿಜಾರು ಮರಗಳ ಸಮೇತ ಎನ್.ಎಸ್. ಪಾಟ್ಕರ್ ಮಾರ್ಗಕ್ಕೆ ಜಾರಿತು. ಮೇಲಿನ ರಸ್ತೆ ಬಿರುಕು ಬಿಟ್ಟಿತು. ಅದನ್ನು ಮತ್ತೆ ನಿಲ್ಲಿಸಲು ತಡೆಗೋಡೆಯ ಜೊತೆ ಮಣ್ಣಿಗೇ ಮೊಳೆ ಹೊಡೆಯುವ ಸಾಯಿಲ್ ನೇಲಿಂಗ್ ವಿಧಾನ ಹಿಡಿದರು. ಅಂಥ ಕೆಲಸದಲ್ಲಿ ಹಗ್ಗಕ್ಕೆ ನೇತು ಬಿದ್ದಿರುವುದು ಈಗ ನೀವು.

ಬೇಸಿಗೆಯ ಬಿಸಿಲು ಹೆಲ್ಮೆಟ್ಟಿನೊಳಗೆ ಬೇಯಿಸುತ್ತಿದೆ. ಸೊಂಟದ ಪಟ್ಟಿ ತೊಡೆಯನ್ನು ಕತ್ತರಿಸುತ್ತಿದೆ. ಮೇಲೆ ರಸ್ತೆಯಲ್ಲಿ ಕಂಪ್ರೆಸರ್ ಒದರುತ್ತಿದೆ. ಕೊರೆಯುವ ರಿಗ್‌ನ ಬಿಟ್ ಗುಡ್ಡದೊಳಕ್ಕೆ ಇಳಿಯುತ್ತಿದೆ: ಸುಮಾರು 100 ಮಿಲಿಮೀಟರ್ ಅಗಲದ ತೂತು, ಒಳಮುಖವಾಗಿ 15 ಡಿಗ್ರಿ ಕೆಳಕ್ಕೆ ಬಾಗಿಸಿ. ಮೊದಲು ಬರುವುದು ಕೆಂಪು ಧೂಳು. ನಾಲಗೆಗೆ ತುಕ್ಕಿನ ರುಚಿ. ಒಂದು ರಾಡ್ ಮುಗಿದು ಇನ್ನೊಂದು ಸೇರಿದಾಗ ಧೂಳು ಹಳದಿಯಾಗುತ್ತದೆ, ಸದ್ದು ಮಂದವಾಗುತ್ತದೆ. ಬಿಟ್ ಗಟ್ಟಿ ಕಲ್ಲಿಗೆ ತಾಕಿದರೆ ಆ ಕಂಪನ ಮೊಣಕೈಗೆ ಏರಿ ತಿಳಿಸುತ್ತದೆ. ಮೊಳೆಯ ತುದಿ ಜಾರುವ ಪದರವನ್ನು ದಾಟಿ ಹಿಂದಿನ ನಿಲ್ಲುವ ನೆಲದಲ್ಲಿ ಕೂತರೆ ಮಾತ್ರ ಅದು ಮೊಳೆ. ಎರಡು ಮೀಟರ್ ಕಡಿಮೆಯಾದರೆ ಗುಡ್ಡದ ಜೊತೆ ಅದೂ ಜಾರುತ್ತದೆ.

ಇದ್ದಕ್ಕಿದ್ದಂತೆ ಧೂಳು ನಿಲ್ಲುತ್ತದೆ. ತೂತಿನ ಬಾಯಿಂದ ಬರುವುದು ಒದ್ದೆ ಉಂಡೆ. ಬೆರಳಲ್ಲಿ ಹಿಡಿದು ಉಜ್ಜುತ್ತೀರಿ, ತಣ್ಣಗಿದೆ, ಅಂಟುತ್ತದೆ. ಸುತ್ತ ಮೂರು ತಿಂಗಳಿಂದ ಮಳೆಯಿಲ್ಲ. ಹಾಗಾದರೆ ಒಳಗೆ ನೀರು ಎಲ್ಲಿಂದ ಬಂತು? ಮೇಲಿನ ಯಾವುದೋ ಪೈಪ್ ಸೋರುತ್ತಿರಬಹುದು, ಹಳೆಯ ಒರತೆ ಇರಬಹುದು. ಜೂನ್ ಹತ್ತಿರವಿದೆ. ಮೇಲಿನವರು ಬೇಗ ಬೇಗ ಅನ್ನುತ್ತಿದ್ದಾರೆ. ಬಿಟ್ ಮುಂದೆ ನೂಕಿ, ಕಬ್ಬಿಣ ಇಟ್ಟು, ಸಿಮೆಂಟ್ ತುಂಬಿಸಿದರೆ ಯಾರಿಗೂ ಕಾಣುವುದಿಲ್ಲ. ನೀವೊಬ್ಬರೇ ಬಲ್ಲಿರಿ. ಈ ಇಡೀ ಕೆಲಸದ ಅತಿ ಭಾರದ ಕ್ಷಣ ಇದು ಎಂದು ನನಗನ್ನಿಸುತ್ತದೆ.

ಕೈ ಎತ್ತಿ ಕಂಪ್ರೆಸರ್ ನಿಲ್ಲಿಸುತ್ತೀರಿ. ಎಂಜಿನಿಯರ್ ಹಗ್ಗ ಹಿಡಿದು ಇಳಿದು ಬರುತ್ತಾರೆ, ಉಂಡೆ ಮುಟ್ಟುತ್ತಾರೆ. ನಕ್ಷೆಯಲ್ಲಿಲ್ಲದ ಒಂದು ತೂತು ಪಕ್ಕದಲ್ಲಿ ಬೀಳುತ್ತದೆ. ಇದರ ಬಾಗು ಮಾತ್ರ ತಿರುಗುಮುರುಗು: ಒಳತುದಿ ತುಸು ಮೇಲೆ, ನೀರು ತಾನಾಗಿ ಹೊರಗೆ ಹರಿಯಲು. ತೂತು ಕೊರೆದ ಪಿವಿಸಿ ಪೈಪಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ ಒಳಗೆ ತಳ್ಳುತ್ತೀರಿ. ಬಟ್ಟೆ ನೀರನ್ನು ಬಿಡುತ್ತದೆ, ಮಣ್ಣನ್ನು ಹಿಡಿಯುತ್ತದೆ. ಮೊದಲು ಕೆಸರು ಬರುತ್ತದೆ. ಆಮೇಲೆ ಸಣ್ಣ ಎಳೆ ನೀರು ಮಣಿಕಟ್ಟಿನ ಮೇಲೆ ಬೀಳುತ್ತದೆ.

ಉಳಿದದ್ದು ತಾಳ್ಮೆಯ ಕೆಲಸ. ಕಬ್ಬಿಣದ ಸರಳು ತೂತಿನ ಮಧ್ಯದಲ್ಲೇ ನಿಲ್ಲುವಂತೆ ಇಳಿಸುತ್ತಾರೆ. ಸಿಮೆಂಟ್ ಹಾಲನ್ನು ತಳದಿಂದ ಮೇಲಕ್ಕೆ ತುಂಬುತ್ತಾರೆ, ಗಾಳಿ ಸಿಕ್ಕಿಹಾಕಿಕೊಳ್ಳಬಾರದು. ಪರೀಕ್ಷೆಗೆಂದು ಹಾಕಿದ ಮೊಳೆಯನ್ನು ಜ್ಯಾಕ್ ಕಟ್ಟಿ ಎಳೆಯುತ್ತಾರೆ. ಡಯಲ್ ಮುಳ್ಳನ್ನು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಮೇಲಿನ ಪಟ್ಟಿ ಮುಗಿದ ಮೇಲೆಯೇ ಕೆಳಗಿನದು. ಆಮೇಲೆ ಕಬ್ಬಿಣದ ಜಾಲರಿ, ಫಲಕ, ನಟ್ಟು, ಕೊನೆಗೆ ಪಂಪಿನಿಂದ ಚಿಮ್ಮುವ ಶಾಟ್‌ಕ್ರೀಟ್. ಅದನ್ನು ಹಾಕುವಾಗ ನೀರಿನ ಪೈಪುಗಳ ಬಾಯಿಗೆ ಗೋಣಿ ತುಂಡು ತುರುಕಿರುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಂದೊಂದನ್ನೂ ಹುಡುಕಿ ಕೀಳಬೇಕು. ಒಂದು ಸಾಲು ಮರೆತರೂ ಆ ಸುಂದರ ಬೂದು ಗೋಡೆಯ ಹಿಂದೆ ನೀರು ಕಟ್ಟತೊಡಗುತ್ತದೆ.

ಈ ವಿದ್ಯೆ ಹೊಸದಲ್ಲ. 1972ರಲ್ಲೇ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಹಾದಿಗೆ ಕಡಿದ ಇಳಿಜಾರನ್ನು ಹೀಗೆ ನಿಲ್ಲಿಸಿದರು. ಗೊತ್ತಿದ್ದೂ ಮಾಡದೆ ಬಿಟ್ಟ ಗುಡ್ಡಗಳೇ ನಮ್ಮಲ್ಲಿ ಹೆಚ್ಚು. ಹೆದ್ದಾರಿಗೆಂದು ಕಡಿದ ಶಿರೂರಿನ ಗುಡ್ಡ 2024ರ ಜುಲೈ 16ರಂದು ಜರಿದದ್ದನ್ನು ಅಂಕೋಲೆಯವರು ಮರೆತಿಲ್ಲ.

ಮುಂಬಯಿಯ ಉಪನಗರಗಳ ಗುಡ್ಡಕ್ಕೆ ಬನ್ನಿ. 2000ದ ಜುಲೈ 12ರಂದು ಘಾಟ್ಕೋಪರ್‌ನ ಆಜಾದ್ ನಗರದಲ್ಲಿ 60ಕ್ಕೂ ಹೆಚ್ಚು ಜನ ಮಣ್ಣಡಿ ಸೇರಿದರು. 2021ರ ಜುಲೈ 18ರ ನಸುಕಿಗೆ ಮೊದಲೇ ಚೆಂಬೂರಿನ ಭಾರತ್ ನಗರದಲ್ಲಿ ಗೋಡೆ ಬಿದ್ದು 19 ಜನ ಸತ್ತರು. ಅದೇ ರಾತ್ರಿ ವಿಕ್ರೋಲಿಯ ಸೂರ್ಯನಗರದಲ್ಲೂ ಸಾವು. ಕೊಳಗೇರಿ ಸುಧಾರಣಾ ಮಂಡಳಿಯ 2010ರ ಸಮೀಕ್ಷೆ ಗುಡ್ಡದ ಅಪಾಯದಲ್ಲಿರುವ 22,483 ಮನೆಗಳನ್ನು ಎಣಿಸಿತ್ತು. ಅದರಲ್ಲಿ 9,657ನ್ನು ಮೊದಲು ಸ್ಥಳಾಂತರಿಸಬೇಕು ಎಂದಿತ್ತು. ಆ ಗಲ್ಲಿಗಳಿಗೆ ರಿಗ್ ಹೋಗುವುದಿಲ್ಲ, ಒಬ್ಬರ ಮನೆಯಡಿ ಇನ್ನೊಬ್ಬರ ಗುಡ್ಡದ ಮೊಳೆ ಹೊಡೆಯಲಾಗದು, ಜಮೀನು ಅರಣ್ಯದ್ದೋ ಕಲೆಕ್ಟರರದ್ದೋ ಎಂಬ ಜಗಳ ಮುಗಿಯದು. ಇವೆಲ್ಲ ನಿಜ. ಆದರೆ ಗುಡ್ಡದ ತಲೆಯ ಮೇಲೆ ಮಳೆನೀರನ್ನು ಪಕ್ಕಕ್ಕೆ ಸರಿಸುವ ಚರಂಡಿ ತೋಡಲು ರಿಗ್ ಬೇಕಿಲ್ಲ. ಕಲ್ಲು ತುಂಬಿದ ತಂತಿ ಪೆಟ್ಟಿಗೆಯ ಗೇಬಿಯನ್ ಗೋಡೆಯನ್ನು ಕೈಯಿಂದಲೇ ಕಟ್ಟಬಹುದು, ಅದರ ಸಂದುಗಳಲ್ಲಿ ನೀರು ತಾನೇ ಹೊರಬರುತ್ತದೆ. ಅದೂ ಸಾಲದ ಕಡೆ ಮನೆಗಳನ್ನೇ ಎಬ್ಬಿಸಬೇಕು, ಕೆಲಸಕ್ಕೆ ಹೋಗಿಬರುವ ದೂರದಲ್ಲೇ ಬೇರೆ ಮನೆ ಕೊಟ್ಟು. ಮೇ ತಿಂಗಳಲ್ಲಿ ಖಾಲಿ ಮಾಡಿ ಎಂಬ ನೋಟಿಸ್ ಅಂಟಿಸಿ ಹೋಗುವುದನ್ನು ರಕ್ಷಣೆ ಎಂದು ನಾನು ಒಪ್ಪಲಾರೆ.

ನೀವು ಇಂಥ ಗೋಡೆಯ ಕೆಳಗಿದ್ದರೆ, ಅಥವಾ ನಿಮ್ಮವರು ಯಾರಾದರೂ ಇದ್ದರೆ, ಜೂನ್‌ಗೆ ಮೊದಲು ಒಮ್ಮೆ ಹೋಗಿ ಗೋಡೆಯ ತೂತುಗಳನ್ನು ನೋಡಿ. ಕಸ ತುಂಬಿದ್ದರೆ ತೆಗೆಸಿ. ಜೋರು ಮಳೆಯಲ್ಲೂ ಅವು ಒಣಗಿದ್ದರೆ, ನೀರು ಏಕಾಏಕಿ ಕೆಸರಾದರೆ ಇಲ್ಲವೇ ನಿಂತರೆ, ಗೋಡೆ ಉಬ್ಬಿದರೆ, ಬಾಗಿಲು ಚೌಕಟ್ಟಿನಲ್ಲಿ ಬಿಗಿಯಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಮಕ್ಕಳನ್ನು ಎಬ್ಬಿಸಿ, ಪಕ್ಕದ ಬಾಗಿಲು ಬಡಿಯಿರಿ, ಹೊರಟುಬಿಡಿ. ಆಮೇಲೆ 1916ಕ್ಕೆ ಫೋನ್ ಮಾಡಿ. ಅದು ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ.