ಎಂಟರಲ್ಲಿ ಒಂದು

1988ರಲ್ಲಿ ಕುವೈತಿನಿಂದ ರಜೆಗೆ ಬಂದ ಮಾಮು ನಮಗೆಂದು ಕಮೊಡೋರ್ 64 ಕಂಪ್ಯೂಟರೊಂದನ್ನು ತಂದಿದ್ದರು. ಉರ್ದು ಶಾಲೆಯಲ್ಲಿ ಕಲಿಸುತ್ತಿದ್ದ ಮಗ್ಗಿ ನಮ್ಮಿಬ್ಬರು ಅಣ್ಣತಮ್ಮಂದಿರ ತಲೆಗೂ ಹತ್ತುತ್ತಿರಲಿಲ್ಲ. ಮಗ್ಗಿ ಕೇಳುವ, ತಪ್ಪಿದರೆ ಮತ್ತೆ ಕೇಳುವ ಪುಟ್ಟ ಪ್ರೋಗ್ರಾಮೊಂದನ್ನು ಅವರೇ ಬರೆದು ಕ್ಯಾಸೆಟ್ಟಿನಲ್ಲಿ ಉಳಿಸಿ ಹೋದರು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಮಾಮು ಉಟ್ಟ ಬಟ್ಟೆಯಲ್ಲೇ ಊರಿಗೆ ಮರಳಿದರು. ಅವರ ಗಳಿಕೆಯಲ್ಲಿ ಉಳಿದದ್ದು ಈ ಯಂತ್ರವೊಂದೇ.

ಮಾಮು ತೀರಿಕೊಂಡ ಮೇಲೆ ಅದನ್ನು ಅಟ್ಟದಿಂದ ಇಳಿಸಿ ನೋಡಿದೆವು. ಪರದೆ ಖಾಲಿ. ಇದರ ಹಳೆಯ ಪವರ್ ಸಪ್ಲೈ ಕೆಟ್ಟರೆ ಐದು ವೋಲ್ಟಿಗಿಂತ ಹೆಚ್ಚು ಹರಿಸಿ ಮೆಮೊರಿ ಚಿಪ್‌ಗಳನ್ನು ಸುಡುವುದುಂಟು. ಮೊದಲು ಅದನ್ನು ಬದಲಿಸಿದೆವು. ಪರದೆ ಬೆಳಗಲಿಲ್ಲ. "ಎಂಟೂ ಚಿಪ್ ಕಿತ್ತು ಬಿಸಾಕಿ, ಹೊಸದು ಕೊಡ್ತೀನಿ" ಎಂದ ಅಂಗಡಿಯವ. ಅವನು ಕೊಟ್ಟ ನಾಲ್ಕು 'ಹೊಸ' ಚಿಪ್‌ಗಳ ಕಾಲಿಗೆ ಹಳೆಯ ಬೆಸುಗೆ ಅಂಟಿತ್ತು.

ಈ ಯಂತ್ರದ ನೆನಪು ಇರುವುದು 4164 ಎಂಬ ಎಂಟು ಚಿಪ್‌ಗಳಲ್ಲಿ. ಒಂದೊಂದರಲ್ಲೂ 65,536 ಕೋಶಗಳು. ಒಂದು ಬೈಟಿಗೆ ಎಂಟೂ ಚಿಪ್‌ಗಳು ಒಂದೊಂದು ಬಿಟ್ ಕೊಡಬೇಕು. ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ. ಕೋಶದೊಳಗಿನ ವಿದ್ಯುತ್ತು ಸೋರಿಹೋಗುವುದರಿಂದ ಕೆಲವೇ ಮಿಲಿಸೆಕೆಂಡಿಗೊಮ್ಮೆ ಅದನ್ನು ಓದಿ ಮತ್ತೆ ಬರೆಯುತ್ತಿರಬೇಕು. ದಿನವೂ ಹೇಳದ ಮಗ್ಗಿಯ ಹಾಗೆ, ಬಿಟ್ಟರೆ ಮರೆತೇಹೋಗುತ್ತದೆ.

ತೀರಾ ಬಿಸಿಯಾಗುವ ಚಿಪ್ ಕೆಟ್ಟಿರಬಹುದೆಂದು ಬೆರಳಿಟ್ಟು ನೋಡಿದೆವು. ಸುಳಿವು ಸಿಗಲಿಲ್ಲ. ಒಂದೊಂದನ್ನೇ ಬೆಸುಗೆ ಬಿಡಿಸಿ, ಆರ್ಡುಯಿನೋ ಬೋರ್ಡಿನಿಂದ ಮಾಡಿಕೊಂಡ ಪರೀಕ್ಷಕಕ್ಕೆ ಕೂರಿಸಿದೆವು. ಎಲ್ಲ ಕೋಶಗಳಲ್ಲೂ ಸೊನ್ನೆ ಬರೆದು ಓದುವುದು, ಒಂದು ಬರೆದು ಓದುವುದು, ಆಮೇಲೆ ಸೊನ್ನೆ ಒಂದನ್ನು ಬದಲಿಸುತ್ತ ಬರೆದು ಓದುವುದು. ಏಳು ಚಿಪ್‌ಗಳು ಸರಿಯಾಗಿ ಉತ್ತರಿಸಿದವು. ಎಂಟನೆಯದು ಒಂದು ಬರೆದರೂ ಸೊನ್ನೆಯನ್ನೇ ಹೇಳಿತು. ಕೊಂಡುತಂದ ನಾಲ್ಕರಲ್ಲಿ ಎರಡು ಆಗಲೇ ಸತ್ತಿದ್ದವು. ಇನ್ನೊಂದು ತಣ್ಣಗಿದ್ದಾಗ ಪಾಸಾಗಿ, ಬಿಸಿಯಾದೊಡನೆ ಮರೆಯಿತು. ನಾಲ್ಕನೆಯದು ಉಳಿಯಿತು.

ಎಂಟನ್ನೂ ಎಸೆಯಿರಿ ಎನ್ನುವುದು ಸುಲಭ. ಕೆಟ್ಟದ್ದು ಯಾವುದೆಂದು ಒಂದೊಂದನ್ನೇ ಕೇಳುವುದಕ್ಕೆ ತಾಳ್ಮೆ ಬೇಕು. ಯಂತ್ರಗಳ ವಿಷಯದಲ್ಲಿ ಮಾತ್ರ ಹೀಗೆ ಎಂದು ನಮಗೆ ಅನಿಸುವುದಿಲ್ಲ.

ಆ ಸಂಜೆ ನೀಲಿ ಪರದೆಯ ಮೇಲೆ 38911 ಬೈಟ್ ಖಾಲಿ ಇದೆ ಎಂಬ ಸಾಲು ಮೂಡಿತು. ಕ್ಯಾಸೆಟ್ ಮೂರನೆಯ ಸಲಕ್ಕೆ ಲೋಡ್ ಆಯಿತು. ಹದಿಮೂರೇಳಲಿ ಎಷ್ಟು ಎಂದು ಮಾಮು ಕೇಳಿದರು. ನಲವತ್ತು ದಾಟಿದ ನಾವು ಅವಸರದಲ್ಲಿ 81 ಎಂದು ಒತ್ತಿದೆವು. ಅವರು ಬೈಯಲಿಲ್ಲ. ಮತ್ತೆ ಕೇಳಿದರು.