ಒಂಬತ್ತು ದಿನದ ಗುಳಿಗೆ

ಆ ಶುಕ್ರವಾರ ಮಧ್ಯಾಹ್ನ ಹಿಂಜವಡಿಯ ಆಫೀಸಿನಲ್ಲಿ ಒಂದು ಮೀಟಿಂಗಿನಲ್ಲಿದ್ದೆ. ಅವ್ವನನ್ನು ತೋರಿಸುತ್ತಿದ್ದ ಪೇನ್ ಕ್ಲಿನಿಕ್ಕಿನಿಂದ ವಾಟ್ಸಾಪ್ ಮೆಸೇಜ್ ಬಂತು. ಮರಾಠಿಯಲ್ಲಿ ಎರಡೇ ಸಾಲು. ಮಂಗಳವಾರದ ಅಪಾಯಿಂಟ್‌ಮೆಂಟ್ ರದ್ದಾಗಿದೆ, ಇನ್ನು ಮುಂದೆ ನಿಮ್ಮ ತಾಯಿಯವರನ್ನು ಬೇರೆ ಕಡೆ ತೋರಿಸಿಕೊಳ್ಳಿ. ಯಾರಿಗೋ ಕಳಿಸಬೇಕಾದದ್ದು ನನಗೆ ಬಂದಿರಬೇಕು ಎಂದುಕೊಂಡು ಫೋನ್ ಮಾಡಿದೆ. ರಿಸೆಪ್ಷನ್ ಹುಡುಗಿ 'ಡಾಕ್ಟರ್ ಸಾಹೇಬರೇ ಹೇಳಿದ್ದಾರೆ' ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಅವ್ವನಿಗೆ ಈಗ 76. ಗದಗಿನ ಮನೆಗೆ ಬೀಗ ಹಾಕಿ ನನ್ನ ಜೊತೆ ಪುಣೆಗೆ ಬಂದು ನಾಲ್ಕು ವರ್ಷ ಆಯಿತು. ಬೆನ್ನುಹುರಿಯ ದಾರಿ ಕಿರಿದಾಗಿದೆ ಎಂದು ಊರ ಕಡೆಯಲ್ಲೇ ಆಪರೇಷನ್ ಆಗಿತ್ತು. ಕಾಲಿನ ಜೋಮು ಹೋಯಿತು, ನೋವು ಮಾತ್ರ ಹೋಗಲಿಲ್ಲ. ಮೂರು ವರ್ಷದಿಂದ ಈ ಡಾಕ್ಟರ್ ಬರೆದುಕೊಟ್ಟ ಟ್ರಾಮಡಾಲ್ ಮುಂಜಾನೆ ಒಂದು, ರಾತ್ರಿ ಒಂದು ತೆಗೆದುಕೊಂಡರೆ ಅವಳು ಎದ್ದು ಚಹಾ ಮಾಡುತ್ತಾಳೆ, ಸೊಸೈಟಿಯ ಗಣಪತಿ ಗುಡಿಯವರೆಗೆ ನಡೆಯುತ್ತಾಳೆ. ಇಲ್ಲದಿದ್ದರೆ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಒಂದು ಪ್ರಯಾಣ.

ರಾತ್ರಿ ಮನೆಗೆ ಬಂದು ಡಬ್ಬಿ ತೆಗೆದು ಎಣಿಸಿದೆ. 18 ಗುಳಿಗೆ. ಒಂಬತ್ತು ದಿನ.

ಅವ್ವನಿಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, 'ನಾ ಏನರ ತಪ್ಪು ಮಾತಾಡಿದ್ನೇನೋ ತಮ್ಮಾ?'

ಅವಳು ಏನೂ ಮಾತಾಡಿರಲಿಲ್ಲ. ಮಾತಾಡಿದ್ದು ನಾನು. ಎರಡು ವಾರದ ಹಿಂದೆ ಆ ಕ್ಲಿನಿಕ್ಕಿನಲ್ಲಿ ಅವ್ವನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೂರು ತಾಸು ಕೂರಿಸಿದ್ದರು. ಸೊಂಟ ನೋವಿನವಳನ್ನು! ಮನೆಗೆ ಬಂದವನೇ ಇಂಟರ್ನೆಟ್‌ನಲ್ಲಿ ಒಂದು ಸ್ಟಾರ್ ಕೊಟ್ಟು, ಇದು ದವಾಖಾನೆಯಲ್ಲ, ಅಂಗಡಿ ಎಂದು ಬರೆದಿದ್ದೆ. ಅದನ್ನು ಅವ್ವನಿಗೆ ಹೇಳಿರಲಿಲ್ಲ. ಆ ರಾತ್ರಿಯೂ ಹೇಳಲಿಲ್ಲ.

ಬೇರೆ ಡಾಕ್ಟರ್ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಶನಿವಾರ ಬೆಳಿಗ್ಗೆ ಫೋನ್ ಹಿಡಿದು ಕೂತೆ. ಒಂದು ಕಡೆ ಮೂರು ವಾರ ಬಿಟ್ಟು ಬನ್ನಿ ಎಂದರು. ಇನ್ನೊಂದು ಕಡೆ ಹಳೆಯ ಫೈಲ್ ಪೂರ್ತಿ ಇಲ್ಲದೆ ಈ ಗುಳಿಗೆ ಬರೆಯುವುದಿಲ್ಲ ಎಂದರು. ನಮ್ಮ ಸೊಸೈಟಿಯ ಎದುರಿನ ಫ್ಯಾಮಿಲಿ ಡಾಕ್ಟರ್ ಒಳ್ಳೆಯವರು, ಆದರೆ ಅವರೂ ಪೇಪರ್ ಕೇಳಿದರು. ಅವರದು ತಪ್ಪಲ್ಲ. 2018ರಲ್ಲಿ ಟ್ರಾಮಡಾಲ್ ಅನ್ನು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯ ಅಡಿ ತಂದಿದ್ದಾರೆ. ವೀಡಿಯೋ ಕನ್ಸಲ್ಟೇಷನ್ ತೆಗೆದುಕೊಳ್ಳೋಣ ಎಂದರೆ ಅದೂ ಆಗುವುದಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಈ ಕಾಯ್ದೆಗೆ ಒಳಪಟ್ಟ ಔಷಧಗಳನ್ನು ಫೋನ್, ವೀಡಿಯೋ ಮೂಲಕ ಬರೆಯಲು ಬಿಡುವುದಿಲ್ಲ. ಗದಗಿನಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ನನ್ನ ಸೋದರಮಾವನ ಮಗ, 'ಚೀಟಿ ಇಲ್ದ ಕೊಟ್ರ ನನ್ನ ಲೈಸೆನ್ಸ್ ಹೋಗ್ತದ ಮಾರಾಯ' ಎಂದ.

ಮಧ್ಯಾಹ್ನ ಒಬ್ಬ ವಕೀಲರ ನೆನಪಾಯಿತು. ವಿಜಯಪುರದವರು, ಶಿವಾಜಿನಗರದ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಊಟದ ಸಾಲಿನಲ್ಲಿ ಪರಿಚಯವಾದವರು. ಹೋಗಿ ಕೂತವನೇ, 'ಪೊಲೀಸ್ ಕಂಪ್ಲೇಂಟ್ ಕೊಡೋಣ ಸರ್' ಎಂದೆ.

ಅವರು ನಕ್ಕರು. ವೈದ್ಯರ ಮೇಲೆ ಕ್ರಿಮಿನಲ್ ಕೇಸ್ ಹಾಕುವುದು ಸುಲಭವಲ್ಲ, 2005ರಲ್ಲಿ ಸುಪ್ರೀಂ ಕೋರ್ಟ್ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಗುರುತರವಾದ ನಿರ್ಲಕ್ಷ್ಯ ಇರಬೇಕು ಎಂದು ಹೇಳಿದೆ, ಇದು ಅದಲ್ಲ ಎಂದರು. ಮತ್ತೆ, 'ನಿಮಗ ಏನು ಬೇಕು? ಡಾಕ್ಟರ್‌ಗೆ ಶಿಕ್ಷೆನೋ, ತಾಯಿಗೆ ಗುಳಿಗೆನೋ?' ಎಂದು ಕೇಳಿದರು. ಅದನ್ನು ಕೇಳಿ ಸುಮ್ಮನಾದೆ.

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು.

ತುರ್ತು ಸ್ಥಿತಿ ಬಿಟ್ಟರೆ ಯಾವ ರೋಗಿಯನ್ನು ನೋಡಬೇಕು ಎಂಬುದು ವೈದ್ಯರ ಇಷ್ಟ. ನನ್ನ ತಾಯಿಯನ್ನು ನೀವೇ ನೋಡಬೇಕು ಎಂದು ಅವರ ಮೇಲೆ ಆದೇಶ ತರಲು ಆಗುವುದಿಲ್ಲ. ಆದರೆ 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಒಮ್ಮೆ ರೋಗಿಯನ್ನು ಕೈಗೆ ತೆಗೆದುಕೊಂಡ ಮೇಲೆ ನಿರ್ಲಕ್ಷಿಸಬಾರದು, ರೋಗಿಗೂ ಮನೆಯವರಿಗೂ ಸಾಕಷ್ಟು ಮುಂಚಿತವಾಗಿ ತಿಳಿಸದೆ ಕೈಬಿಡಬಾರದು. 2023ರಲ್ಲಿ ಹೊಸ ನಿಯಮಗಳು ಬಂದವು, ಅದೇ ತಿಂಗಳಲ್ಲಿ ಅವನ್ನು ತಡೆಹಿಡಿದರು. ಹೀಗಾಗಿ ಹಳೆಯವೇ ನಡೆಯುತ್ತಿವೆ.

ನಮ್ಮ ಐಟಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಲಸ ಬಿಡುವುದು ತಪ್ಪಲ್ಲ. ನೋಟಿಸ್ ಪೀರಿಯಡ್ ಇಲ್ಲದೆ, ಮುಂದಿನವನಿಗೆ ಕೆಲಸ ಒಪ್ಪಿಸದೆ ಲ್ಯಾಪ್‌ಟಾಪ್ ಟೇಬಲ್ ಮೇಲಿಟ್ಟು ಹೋಗುವುದು ತಪ್ಪು. ನಮಗಾದರೆ ಆಫರ್ ಲೆಟರ್‌ನಲ್ಲಿ 60, 90 ಎಂದು ದಿನ ಬರೆದಿರುತ್ತದೆ. ಇಲ್ಲಿ ನಿಯಮ ದಿನದ ಲೆಕ್ಕ ಹೇಳುವುದಿಲ್ಲ. ಒಂಬತ್ತು ದಿನ ಸಾಕೇ ಎಂಬುದನ್ನು ಕೊನೆಗೆ ಯಾರಾದರೂ ಕೂತು ನಿರ್ಧರಿಸಬೇಕು.

'ನಿಮ್ಮ ರಿವ್ಯೂ ತೋರಸ್ರಿ' ಎಂದರು ವಕೀಲರು. ತೋರಿಸಿದೆ. ಓದಿ, 'ಮೂರು ತಾಸು ಕಾಯಿಸಿದ್ರು ಅನ್ನೂದು ಖರೇ, ಅದು ಇರ್ಲಿ. ಅಂಗಡಿ ಅನ್ನೂದು ಸಿಟ್ಟು. ವಿಶ್ವಾಸ ಹೋತು ಅಂತ ಅವರು ಹೇಳಿದ್ರ ಅದಕ್ಕ ಇದೇ ಸಾಕ್ಷಿ' ಎಂದರು. ವಿಶ್ವಾಸ ಹೋಯಿತು ಎಂದು ಬಿಡಬಹುದು, ಆದರೆ ಆಗಲೂ ನೋಟಿಸ್ ಕೊಟ್ಟೇ ಬಿಡಬೇಕು ಎಂದೂ ಹೇಳಿದರು.

ಕೋರ್ಟಿಗಿಂತ ಮೊದಲು ಒಂದು ಪತ್ರ ಬರೆಯಿರಿ ಎಂಬುದು ಅವರ ಸಲಹೆ. ಬೈಗುಳ ಬೇಡ, ಮೂರೇ ಬೇಡಿಕೆ. ಒಂದು, ಚಿಕಿತ್ಸೆಯ ಎಲ್ಲ ದಾಖಲೆ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಅದೇ 2002ರ ನಿಯಮಗಳಲ್ಲಿದೆ. ಎರಡು, ಬೇರೆ ವೈದ್ಯರು ಸಿಗುವವರೆಗೆ ಔಷಧದ ಚೀಟಿ. ಮೂರು, ಮುಂದಿನ ವೈದ್ಯರಿಗೆ ಒಂದು ಪತ್ರ. ಅವ್ವನ ಹೆಸರಿನಲ್ಲಿ ಬರೆದು ಅವಳ ಸಹಿ ಹಾಕಿಸಿ, ಸೋಮವಾರ ಕ್ಲಿನಿಕ್ಕಿಗೆ ನಾನೇ ಕೊಟ್ಟು ನಕಲಿನ ಮೇಲೆ ಸೀಲ್ ಹಾಕಿಸಿಕೊಂಡೆ. ಇಮೇಲ್ ಕೂಡ ಮಾಡಿದೆ.

ಮಂಗಳವಾರ ರಾತ್ರಿ ಅವ್ವನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು, ಕೈ ನಡುಗುತ್ತಿತ್ತು. ಸೆಕೆ ಎಂದಳು. ಡಿಸೆಂಬರಿನ ಪುಣೆಯಲ್ಲಿ ಎಲ್ಲಿಯ ಸೆಕೆ? ಅನುಮಾನ ಬಂದು ಡಬ್ಬಿ ಎಣಿಸಿದೆ. ಹತ್ತು ಗುಳಿಗೆ ಇರಬೇಕಿತ್ತು, 13 ಇದ್ದವು. ಮುಂಜಾನೆಯ ಗುಳಿಗೆ ಬಿಟ್ಟು ಉಳಿಸುತ್ತಿದ್ದಳು. ನಾವು ಸಣ್ಣವರಿದ್ದಾಗ ತಿಂಗಳ ಕೊನೆಯಲ್ಲಿ ಸಕ್ಕರೆ ಉಳಿಸುತ್ತಿದ್ದ ಹಾಗೆ.

ಈ ಔಷಧವನ್ನು ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ, ಕಡಿಮೆ ಮಾಡಿದರೆ ಬೆವರು, ಚಡಪಡಿಕೆ, ನಿದ್ದೆಗೇಡು ಶುರುವಾಗುತ್ತದೆ. ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಇದು ಗೊತ್ತಿರುವ ವೈದ್ಯರೇ ಎರಡು ಸಾಲಿನ ಮೆಸೇಜ್ ಕಳಿಸಿ ಕೈ ತೊಳೆದುಕೊಂಡದ್ದು ನನಗೆ ಇಂದಿಗೂ ಒಪ್ಪಿಕೊಳ್ಳಲು ಆಗಿಲ್ಲ.

ಆ ರಾತ್ರಿ ಅವಳಿಗೆ ರಿವ್ಯೂ ವಿಷಯ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಿನ್ನ ಸಿಟ್ಟಿಗೆ ನನ್ನ ಸೊಂಟ ಯಾಕ ಅಡ ಇಟ್ಟಿ?' ಎಂದಳು.

ಗುರುವಾರ ಸಂಜೆ ಕ್ಲಿನಿಕ್ಕಿನಿಂದ ಲಕೋಟೆ ಬಂತು. ದಾಖಲೆಗಳ ನಕಲು, 15 ದಿನದ ಚೀಟಿ, ಮುಂದಿನ ವೈದ್ಯರಿಗೆ ನಾಲ್ಕು ಸಾಲು. ಕ್ಷಮೆಯ ಮಾತಿರಲಿಲ್ಲ, ಕಾರಣವೂ ಇರಲಿಲ್ಲ. ಆ ಪೇಪರ್ ಹಿಡಿದುಕೊಂಡು ಹೋದ ಮೇಲೆ ಒಂದು ಟ್ರಸ್ಟ್ ಆಸ್ಪತ್ರೆಯ ಪೇನ್ ವಿಭಾಗದಲ್ಲಿ ಮರುವಾರವೇ ನೋಡಿದರು. ಅಲ್ಲಿಯ ಡಾಕ್ಟರಮ್ಮ ಗುಳಿಗೆಯನ್ನು ನಿಧಾನವಾಗಿ ಇಳಿಸುತ್ತಾ ಫಿಜಿಯೋಥೆರಪಿ ಶುರು ಮಾಡಿಸಿದ್ದಾರೆ. ನೋವು ಹೋಗಿಲ್ಲ. ಹೋಗುತ್ತದೆ ಎಂದು ಅವರೂ ಹೇಳಿಲ್ಲ.

ಪತ್ರಕ್ಕೆ ಉತ್ತರ ಬರದಿದ್ದರೆ ಏನು ಮಾಡಬಹುದಿತ್ತು? ಎರಡು ದಾರಿ ಮುಖ್ಯ. ವೈದ್ಯರ ನಡತೆಯ ಬಗ್ಗೆ ದೂರು ಇದ್ದರೆ ರಾಜ್ಯ ವೈದ್ಯಕೀಯ ಪರಿಷತ್ತು. ಇಲ್ಲಿ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್, ನಮ್ಮ ಕಡೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಆರು ತಿಂಗಳಲ್ಲಿ ತೀರ್ಮಾನ ಕೊಡಬೇಕು ಎಂದು ನಿಯಮ. ಎಚ್ಚರಿಕೆ ಕೊಡಬಹುದು, ಹೆಸರನ್ನು ರಿಜಿಸ್ಟರ್‌ನಿಂದ ಕೆಲಕಾಲ ತೆಗೆಯಲೂಬಹುದು. ಪರಿಹಾರದ ಹಣ ಅಲ್ಲಿ ಸಿಗುವುದಿಲ್ಲ.

ಹಣದ ಪರಿಹಾರಕ್ಕೆ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಎರಡು ವರ್ಷದೊಳಗೆ ದೂರು ಹಾಕಬೇಕು. ನಡೆದದ್ದರಿಂದ ಏನು ತೊಂದರೆ ಆಯಿತು ಎಂಬುದಕ್ಕೆ ಪುರಾವೆ ಬೇಕು. ಹೀಗಾಗಿ ಮೆಸೇಜ್, ಬಿಲ್, ಚೀಟಿ ಯಾವುದನ್ನೂ ಅಳಿಸಬೇಡಿ, ಬಿಸಾಡಬೇಡಿ. ನಮ್ಮಂಥ ಹೊರನಾಡಿನವರಿಗೆ ಅನುಕೂಲವಾದ ಒಂದು ಮಾತು: 2019ರ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಊರಿನಲ್ಲೇ ದೂರು ಹಾಕಬಹುದು. ಊರಿನಲ್ಲಿ ಚಿಕಿತ್ಸೆ ಪಡೆದ ತಾಯಿ ಈಗ ನಿಮ್ಮ ಜೊತೆ ಇಲ್ಲೇ ವಾಸವಿದ್ದರೆ ಅಲ್ಲಿಗೆ ಓಡಾಡಬೇಕಿಲ್ಲ. ಈಗ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಲ್ಲೇ ಕೂತು ಸಲ್ಲಿಸಬಹುದು.

ಅಪ್ಪ ಅಮ್ಮ ಇನ್ನೂ ಕರ್ನಾಟಕದಲ್ಲೇ ಇದ್ದರೆ ಇನ್ನೊಂದು ಬಾಗಿಲು ಇದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ವಕೀಲರ ಖರ್ಚಿನ ಚಿಂತೆ ಇದ್ದರೆ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ. ಸಹಾಯವಾಣಿ 15100. ಇದು ನನಗೆ ಗೊತ್ತೇ ಇರಲಿಲ್ಲ.

ನಾವು ಗ್ರಾಹಕ ಆಯೋಗಕ್ಕೆ ಹೋಗಲಿಲ್ಲ. ಅವ್ವನಿಗೆ ದುಡ್ಡು ಬೇಡವಾಗಿತ್ತು. ಮೆಡಿಕಲ್ ಕೌನ್ಸಿಲ್‌ಗೆ ಎರಡು ಪುಟದ ದೂರು ಬರೆದು, ಅವಳೇ ನಿರ್ಧರಿಸಲಿ ಎಂದು ಕನ್ನಡದಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿದಳು.

'ಇದನ್ನ ಕೊಟ್ರ ಮುಂದ ಇನ್ನೊಬ್ರಿಗೆ ಹಿಂಗ ಮೆಸೇಜ್ ಕಳಸೂದಿಲ್ಲೇನು?'

'ಗೊತ್ತಿಲ್ಲವ್ವ. ಕಳಸೂಕಿಂತ ಮೊದಲ ಒಂದ್ಸಲ ವಿಚಾರ ಮಾಡಬಹುದು.'

'ಹಂಗಾದ್ರ ಕೊಡು. ಆದ್ರ ಮೂರು ವರ್ಷ ಅವರು ನನ್ನ ಚಲೋ ನೋಡ್ಯಾರ, ಅದನ್ನೂ ಬರಿ. ನಿನ್ನ ಅಂಗಡಿ ಮಾತೂ ಬರಿ.'

ಎರಡನ್ನೂ ಸೇರಿಸಿದೆ. ಆ ರಿವ್ಯೂದಲ್ಲಿ ಮೂರು ತಾಸಿನ ಸಂಗತಿ ಉಳಿಸಿಕೊಂಡು ಉಳಿದದ್ದನ್ನು ತೆಗೆದೆ. ಅವ್ವ ದೂರಿನ ಕೆಳಗೆ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿದಳು. ಸ್ಪೀಡ್ ಪೋಸ್ಟ್ ಮಾಡಿ ನಾಲ್ಕು ತಿಂಗಳಾಗಿದೆ, ಇನ್ನೂ ಉತ್ತರ ಬಂದಿಲ್ಲ.

ಈಗ ಪ್ರತಿ ಭಾನುವಾರ ರಾತ್ರಿ ಡಬ್ಬಿಯ ಗುಳಿಗೆಗಳನ್ನು ನಾವಿಬ್ಬರೂ ಸೇರಿ ಎಣಿಸುತ್ತೇವೆ. ಲೆಕ್ಕ ಸರಿ ಬಂದರೆ ಅವಳು ಡಬ್ಬಿ ಮುಚ್ಚಿ, 'ನೋಡ, ಈ ವಾರ ಒಂದೂ ಕದ್ದಿಲ್ಲ' ಎನ್ನುತ್ತಾಳೆ.